ಕೋಟೆಯೂ ದಿಡ್ಡಿ ಬಾಗಿಲೂ

ಬಸವಕಲ್ಯಾಣದ ಕೋಟೆಯನ್ನು ದಿನವೂ ಕಾಣುವ ನಮಗೆ ಬಾಗಿಲಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೋಡೆ ಎಷ್ಟೇ ಗಟ್ಟಿಯಿರಲಿ, ಬಾಗಿಲಿಲ್ಲದ ಕೋಟೆ ಸೆರೆಮನೆಯೇ ಸರಿ. ಗಣಕಯಂತ್ರಗಳ ಜಾಲಕ್ಕೂ ಇಂಥದೊಂದು ಗೋಡೆಯುಂಟು. ಅದರ ಹೆಸರು ಫೈರ್‌ವಾಲ್.

ನನ್ನ ಅಜ್ಜಿ ಹಾಡಿದ ಬೀಸುವ ಪದಗಳನ್ನು ಧ್ವನಿಮುದ್ರಿಸಿ ಒಂದೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದೆ. ಅದು ಕೆಟ್ಟುಹೋಯಿತು, ಅಜ್ಜಿಯೂ ಈಗಿಲ್ಲ. ತಪ್ಪು ನನ್ನದೇ. ಕಲ್ಯಾಣದ ವಚನಗಳು ಉಳಿದದ್ದು ಹಲವು ಮಠ ಮನೆಗಳಲ್ಲಿ ತಾಳೆಗರಿಯ ಪ್ರತಿಗಳಿದ್ದುದರಿಂದಲ್ಲವೆ? ಅವನ್ನು ಅರಸಿ ಅಲೆದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಒಂದೇ ಪ್ರತಿ ಎಂದರೆ ಪ್ರತಿಯೇ ಇಲ್ಲವೆಂದು ನಾನು ತಡವಾಗಿ ಕಲಿತೆ.

ಈಗ ಹುಮನಾಬಾದ್ ಕಡೆಯ ನಮ್ಮ ಹಳ್ಳಿಯಲ್ಲಿ ತಂಗಿ ಮಿಕ್ಕ ಮುದುಕಿಯರ ಹಾಡುಗಳನ್ನು ಮುದ್ರಿಸುತ್ತಾಳೆ. ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶವಿದ್ದರೆ ಅವು ನನ್ನ ಯಂತ್ರಕ್ಕೂ ತಾವಾಗಿ ಬರಬೇಕು. ಆದರೆ ನಾನಿರುವ ವಸತಿಗೃಹದ ಜಾಲದಲ್ಲಿ ಅದು ನಡೆಯದು. ಅದು ಸಾಮಾನ್ಯವಾಗಿ ಬಳಸುವುದು 22000ನೆಯ ಪೋರ್ಟ್ ಎಂಬ ಬಾಗಿಲನ್ನು. ಇಲ್ಲಿ ತೆರೆದಿರುವುವು ಜಾಲಪುಟಗಳ 80 ಮತ್ತು 443 ಮಾತ್ರ. ನೇರದಾರಿ ಮುಚ್ಚಿದಾಗ ಅದು ಮಧ್ಯವರ್ತಿ ಯಂತ್ರವೊಂದರ ಮೂಲಕ ಕಡತಗಳನ್ನು ಸಾಗಿಸಬಲ್ಲದು. ಬೀಗಹಾಕಿ ಕಳಿಸುವುದರಿಂದ ಮಧ್ಯವರ್ತಿಗೆ ಅವನ್ನು ಓದಲಾಗದು, ವೇಗ ಮಾತ್ರ ಕಡಿಮೆ. ಕೆಲವು ಗೋಡೆಗಳು ಅದನ್ನೂ ತಡೆಯುತ್ತವೆ. ನನ್ನ ಪಾಲಿನದು ಅಂಥದೇ.

“ವಿಪಿಎನ್ ಹಾಕಿ ಸುರಂಗ ಕೊರೆ” ಎಂದರು ಗೆಳೆಯರು. ನನಗದು ಸರಿಬರಲಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು 445ನೆಯ ಬಾಗಿಲಿನಿಂದ ನುಗ್ಗಿ ಬ್ರಿಟನ್ನಿನ ಆಸ್ಪತ್ರೆಗಳನ್ನೂ ಕಂಗೆಡಿಸಿತು. ಕಾವಲುಗಾರನ ಭಯ ಹುಸಿಯಲ್ಲ. ಆದರೆ ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಗೆ ಅಂಜಿ, ದಿಡ್ಡಿಯನ್ನು ಎಂದೆಂದಿಗೂ ತೆರೆಯದಿರುವುದು ವಿವೇಕವೆ?

ಮಿತ್ರರೇ, ಗೋಡೆ ಹಾರುವುದು ಬೇಡ, ಬಾಗಿಲು ತಟ್ಟೋಣ. ಯಾವ ಕೆಲಸಕ್ಕೆ, ಯಾವ ಬಾಗಿಲು, ಯಾವ ವೇಳೆಯಲ್ಲಿ ಬೇಕೆಂದು ಅರ್ಜಿ ಬರೆಯೋಣ. ಜಾಲವನ್ನು ಕಾಯುವವರೂ ಯಾವುದನ್ನು ಏಕೆ ಮುಚ್ಚಿದ್ದಾರೆ, ಯಾರನ್ನು ಕೇಳಬೇಕು ಎಂಬುದನ್ನು ಸೂಚನಾಫಲಕದಲ್ಲಿ ಬರೆದು ಹಾಕಲಿ. ಕಾರಣ ತಿಳಿದರೆ ಮುಚ್ಚಿದ ಬಾಗಿಲನ್ನೂ ಗೌರವಿಸಬಹುದು. ನಾನು ಅರ್ಜಿ ಕೊಟ್ಟಿದ್ದೇನೆ, ಉತ್ತರವನ್ನು ಕಾಯುತ್ತಿದ್ದೇನೆ. ಆದರೆ ಊರಿನ ಮುದುಕಿಯರು ನಮಗಾಗಿ ಬಹುಕಾಲ ಕಾಯಲಾರರು.