ಹೊಸ ಬ್ಲೇಡ್ ಕೇಳುವವರು ಕ್ರೀಮಿನ ಹೆಸರನ್ನೂ ಕೇಳಲಿ

ಸಲೂನಿನ ಕುರ್ಚಿಯಲ್ಲಿ ಕೂತವನ ಕಣ್ಣೆದುರೇ ಬ್ಲೇಡಿನ ಕಾಗದ ಬಿಚ್ಚಬೇಕು ಎಂಬುದನ್ನು ಈಗ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಬಗ್ಗಿಸಿ, ಚಟ್ಟನೆ ಎರಡು ಮಾಡಿ, ಅರ್ಧವನ್ನು ಹಿಡಿಕೆಗೆ ಸಿಕ್ಕಿಸಿ, ಉಳಿದರ್ಧವನ್ನು ಮುಂದಿನ ಗಿರಾಕಿಗೆಂದು ಎತ್ತಿಡುವುದು ಕ್ಷೌರಿಕನಿಗೆ ಕ್ಷಣದ ಕೆಲಸ. ಅವನು ಮರೆತರೆ ಗಿರಾಕಿಯೇ ನೆನಪಿಸುತ್ತಾನೆ: "ಹೊಸ ಬ್ಲೇಡ್ ಹಾಕಪ್ಪ." ಅಕ್ಷರ ಬಾರದ ಅಜ್ಜಂದಿರೂ ಈ ಮಾತು ಹೇಳದೆ ಗಲ್ಲ ಒಡ್ಡುವುದಿಲ್ಲ.

ಈ ಅಭ್ಯಾಸ ತಾನಾಗಿ ಬಂದದ್ದಲ್ಲ. 1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದ ಮೇಲೆ ವರ್ಷಗಟ್ಟಲೆ ನಡೆದ ಪ್ರಚಾರದ ಫಲ ಅದು. ನಿಜ ಹೇಳಬೇಕೆಂದರೆ ಕ್ಷೌರದ ಕತ್ತಿಯ ವಿಷಯದಲ್ಲಿ ಎಚ್‌ಐವಿಗಿಂತ ಹೆಚ್ಚು ಹೆದರಬೇಕಾದದ್ದು ಹೆಪಟೈಟಿಸ್ ಬಿಗೆ. ಆ ವೈರಸ್ ಮೈಯಿಂದ ಹೊರಬಿದ್ದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರಬಲ್ಲದು. ಕಾರಣ ಯಾವುದೇ ಇರಲಿ, ಜನ ಕೇಳಲು ಕಲಿತರು, ಅಂಗಡಿಗಳು ಬದಲಾದವು.

ಬ್ಲೇಡಿನ ಬಗ್ಗೆ ಇಷ್ಟು ಜಾಗ್ರತೆ ವಹಿಸುವ ಅದೇ ಗಿರಾಕಿ, ಶೇವಿಂಗ್ ಮುಗಿದ ಮೇಲೆ ಮುಖಕ್ಕೆ ಏನು ಬಳಿದರೂ ತುಟಿ ಬಿಚ್ಚುವುದಿಲ್ಲ. "ಸರ್, ಮುಖ ತುಂಬಾ ಟ್ಯಾನ್ ಆಗಿದೆ, ಡಿ-ಟ್ಯಾನ್ ಹಾಕ್ಬಿಡ್ಲಾ?" ಎಂದರೆ ಹೂಂ ಎನ್ನುತ್ತಾನೆ. ಮದುವೆಗೆ ತಿಂಗಳಿರುವ ಹುಡುಗನಾದರೆ ಬ್ಲೀಚು, ಫೇಶಿಯಲ್ಲು ಎಲ್ಲ ಆಗಿ, ಕೊನೆಗೆ "ರಾತ್ರಿ ಮಲಗೋವಾಗ ಇದನ್ನ ಹಚ್ಚಿ" ಎಂದು ಒಂದು ಟ್ಯೂಬಿನ ಹೆಸರೂ ಸಿಗುತ್ತದೆ. ಸಲೂನಿನಲ್ಲೇ ಸಿಗಬೇಕೆಂದೇನಿಲ್ಲ. ಗೆಳೆಯ ಹೇಳಿರಬಹುದು, ಹಾಸ್ಟೆಲ್ಲಿನ ರೂಮ್‌ಮೇಟ್ ಹಚ್ಚಿದ್ದನ್ನು ನೋಡಿರಬಹುದು, ಮೊಬೈಲಿನ ವಿಡಿಯೊದಲ್ಲಿ ಕಂಡಿರಬಹುದು. ಎಲ್ಲ ದಾರಿಗಳೂ ಹೋಗಿ ಮುಟ್ಟುವುದು ಮಾತ್ರ ಮೆಡಿಕಲ್ ಶಾಪಿಗೆ. "ಅಣ್ಣಾ, ಹೋದ ಸಲ ಕೊಟ್ಟಿದ್ರಲ್ಲ, ಮುಖಕ್ಕೆ ಹಚ್ಚೋದು" ಎಂದರೆ ಸಾಕು, ಚೀಟಿ ಕೇಳುವವರಿಲ್ಲ.

ಗಂಡಸರ ಸೌಂದರ್ಯದ ಬಗ್ಗೆ ಈಗ ನಡೆಯುವ ಚರ್ಚೆಯೆಲ್ಲ ಗಡ್ಡದ ಎಣ್ಣೆ, ಇದ್ದಿಲಿನ ಫೇಸ್‌ವಾಶ್, ಚಿತ್ರನಟರ ಗಡ್ಡದ ಸುತ್ತಲೇ ಸುತ್ತುತ್ತಿದೆ. ಅವು ಬಹಳವೆಂದರೆ ಜೇಬು ಖಾಲಿ ಮಾಡುವ ವಸ್ತುಗಳು. ಚರ್ಮವನ್ನೇ ಹಾಳುಮಾಡುವುದು ಆ ಸಣ್ಣ ಟ್ಯೂಬು. ಅದರ ಬಗ್ಗೆ ಮಾತು ಕಡಿಮೆ.

ಟ್ಯೂಬಿನೊಳಗೆ ಇರುವುದು ಸ್ಟೀರಾಯ್ಡ್. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್ ಮುಂತಾದವು. ಇವು ಕೆಟ್ಟ ಔಷಧಗಳೇನಲ್ಲ. 1952ರಲ್ಲಿ ಹೈಡ್ರೋಕಾರ್ಟಿಸೋನ್ ಮುಲಾಮು ಚರ್ಮರೋಗಕ್ಕೆ ಕೆಲಸ ಮಾಡುತ್ತದೆ ಎಂದು ಗೊತ್ತಾದಾಗ, ಎಕ್ಸಿಮಾದಿಂದ ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿದ್ದವರಿಗೆ ಮರುಜನ್ಮ ಬಂದಂತಾಯಿತು. ಈಗಿನ ಕ್ಲೋಬೆಟಸಾಲ್ ಅದಕ್ಕಿಂತ ನೂರಾರು ಪಟ್ಟು ಬಿರುಸು. ಸೋರಿಯಾಸಿಸ್‌ನಿಂದ ದಪ್ಪಗಟ್ಟಿದ ಮೊಣಕೈಗೆ ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುವ ಮದ್ದನ್ನು ಕೆನ್ನೆಯ ತೆಳು ಚರ್ಮಕ್ಕೆ ತಿಂಗಳುಗಟ್ಟಲೆ ತಿಕ್ಕಿದರೆ ಏನಾಗಬೇಕೋ ಅದೇ ಆಗುತ್ತದೆ.

ಮೊದಲ ವಾರ ಎಲ್ಲವೂ ಚೆಂದ. ಸ್ಟೀರಾಯ್ಡ್ ಚರ್ಮದಡಿಯ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಬಣ್ಣ ತಯಾರಿಸುವ ಜೀವಕೋಶಗಳ ಕೈ ಕಟ್ಟುತ್ತದೆ, ಮೊಡವೆಯ ಬಾವನ್ನು ಅಡಗಿಸುತ್ತದೆ. ಮುಖ ತಿಳಿಯಾಗಿ, ನುಣುಪಾಗಿ ಕಾಣುತ್ತದೆ. "ಏನ್ ಮಗಾ, ಕಲರ್ ಬಂದ್ಬಿಟ್ಟಿದೀಯ" ಎಂದು ಗೆಳೆಯರು ಹೊಗಳುವುದೂ ಆಗಲೇ. ತಿಂಗಳು ಕಳೆಯುವಷ್ಟರಲ್ಲಿ ಚರ್ಮ ತೆಳ್ಳಗಾಗುತ್ತ ಬರುತ್ತದೆ. ಕೆನ್ನೆಯ ಮೇಲೆ ಕೆಂಪು ರಕ್ತನಾಳಗಳ ಜಾಲ ಮೂಡುತ್ತದೆ, ಒಂದೇ ಅಚ್ಚಿನ ಸಣ್ಣ ಮೊಡವೆಗಳು ಸಾಲುಗಟ್ಟುತ್ತವೆ, ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ. ಹೆದರಿ ಕ್ರೀಮು ಬಿಟ್ಟರೆ ಎರಡು ಮೂರು ದಿನದಲ್ಲಿ ಮುಖ ಕೆಂಡದಂತೆ ಕೆಂಪೇರುತ್ತದೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಕ್ರೀಮೇ ಕಾಯಿಲೆ, ಕ್ರೀಮೇ ಔಷಧ ಎಂಬ ಸ್ಥಿತಿ. ಇದಕ್ಕೆ "ಸ್ಟೀರಾಯ್ಡಿನಿಂದ ಕೆಟ್ಟ ಮುಖ" ಎಂಬ ಅರ್ಥದ ಹೆಸರಿಟ್ಟು ವೈದ್ಯಲೋಕದ ಗಮನಕ್ಕೆ ತಂದವರು ಭಾರತದ ಚರ್ಮವೈದ್ಯರೇ.

ಎಷ್ಟು ಜನರಿಗೆ ಹೀಗಾಗುತ್ತಿದೆ? 2011ರಲ್ಲಿ ಪ್ರಕಟವಾದ, ದೇಶದ 12 ಚಿಕಿತ್ಸಾ ಕೇಂದ್ರಗಳಲ್ಲಿ ನಡೆದ ಅಧ್ಯಯನದಲ್ಲಿ ಮುಖದ ತೊಂದರೆಗೆಂದು ಬಂದ 2926 ರೋಗಿಗಳ ಪೈಕಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅಂದರೆ ಸರಿಸುಮಾರು ಏಳರಲ್ಲಿ ಒಬ್ಬರು. ಹೆಣ್ಣುಮಕ್ಕಳೇ ಅವರಲ್ಲಿ ಹೆಚ್ಚು ಎಂಬುದು ನಿಜವಾದರೂ ಗಂಡಸರದ್ದೂ ಸಣ್ಣ ಪಾಲಲ್ಲ.

ಇನ್ನು ತೊಡೆಸಂದಿಯ ಹುಳುಕಡ್ಡಿಗೂ ಇವೇ ಟ್ಯೂಬುಗಳು. ಶಿಲೀಂಧ್ರದ ಮದ್ದು, ಬ್ಯಾಕ್ಟೀರಿಯಾದ ಮದ್ದು, ಸ್ಟೀರಾಯ್ಡ್ ಮೂರನ್ನೂ ಕಲಸಿದ ಮಿಶ್ರಣ. ಹಚ್ಚಿದ ಕೂಡಲೇ ತುರಿಕೆ ನಿಲ್ಲುತ್ತದೆ, ಶಿಲೀಂಧ್ರ ಮಾತ್ರ ಚರ್ಮದ ರಕ್ಷಣೆ ತಪ್ಪಿದ ಖುಷಿಯಲ್ಲಿ ಸೊಂಟದವರೆಗೆ ಹಬ್ಬುತ್ತದೆ. ಭಾರತದ ಹೆಸರನ್ನೇ ಹೊತ್ತ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂಬ ಹೊಸ ಶಿಲೀಂಧ್ರವನ್ನು ವಿಜ್ಞಾನಿಗಳು 2020ರಲ್ಲಿ ಗುರುತಿಸಿದರು. ಎಂದಿನ ಟರ್ಬಿನಫಿನ್ ಮಾತ್ರೆಗೆ ಇದು ಅನೇಕ ಕಡೆ ಬಗ್ಗುತ್ತಿಲ್ಲ. ಯುರೋಪು, ಅಮೆರಿಕದ ಆಸ್ಪತ್ರೆಗಳಲ್ಲೂ ಕಾಣಿಸಿಕೊಂಡಿದೆ. ಇದು ಹೀಗೆ ಬೆಳೆದು ನಿಂತದ್ದಕ್ಕೆ ಕಲಬೆರಕೆ ಟ್ಯೂಬುಗಳೂ ಒಂದು ಕಾರಣ ಎಂಬುದು ಚರ್ಮವೈದ್ಯರ ದೂರು.

ಹುಡುಗರು ಆ ಟ್ಯೂಬಿನ ಬಳಿಗೆ ಹೋಗುವುದೇಕೆ? ಬಿಳಿ ಬಣ್ಣದ ಹುಚ್ಚು ಎಂದುಬಿಟ್ಟರೆ ಅರ್ಧ ಸತ್ಯ. ಎಷ್ಟೋ ಸಲ ಶುರುವಾಗುವುದು ಶೇವಿಂಗಿನಿಂದಲೇ. ಗುಂಗುರು ಗಡ್ಡವನ್ನು ಕೂದಲ ದಿಕ್ಕಿಗೆ ಎದುರಾಗಿ, ಎರಡೆರಡು ಸಲ ಒತ್ತಿ ಹೆರೆದಾಗ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗುತ್ತದೆ. ಮತ್ತೆ ಬೆಳೆಯುವಾಗ ಹೊರಬರಲಾರದೆ ಒಳಗೇ ಬಾಗಿ ಚುಚ್ಚುತ್ತದೆ. ಕುತ್ತಿಗೆಯ ಮೇಲೆ, ದವಡೆಯಡಿಯಲ್ಲಿ ಗುಳ್ಳೆಗಳೇಳುತ್ತವೆ. ನಮ್ಮಂಥ ಕಂದು ಚರ್ಮದ ಸ್ವಭಾವವೇನೆಂದರೆ, ಗುಳ್ಳೆ ಆರಿದರೂ ಜಾಗ ಕಪ್ಪಾಗಿ ಉಳಿದು, ತಿಂಗಳುಗಟ್ಟಲೆ ಮಾಸುವುದಿಲ್ಲ. ಆ ಕಪ್ಪನ್ನು ಅಳಿಸಲು ಕ್ರೀಮು, ಕ್ರೀಮಿನಿಂದ ಹೊಸ ಮೊಡವೆ, ಮೊಡವೆಯ ಮೇಲೆ ಮತ್ತೆ ರೇಜರು.

ಇದರ ನಡುವೆ ಒಂದು ತಮಾಷೆಯ ಕಥೆಯಿದೆ. ಭಾರತದ ಮಾರುಕಟ್ಟೆಗೆಂದು ಹೊಸ ರೇಜರ್ ರೂಪಿಸಿದ ಜಿಲೆಟ್ ಕಂಪನಿ ಅದನ್ನು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಕೈಗೆ ಕೊಟ್ಟು ಪರೀಕ್ಷಿಸಿತು. ಎಲ್ಲರೂ ಮೆಚ್ಚಿದರು. ಇಲ್ಲಿಗೆ ತಂದಾಗ ಮುಗ್ಗರಿಸಿತು, ಏಕೆಂದರೆ ಆ ವಿದ್ಯಾರ್ಥಿಗಳ ಬಚ್ಚಲಲ್ಲಿ ನಲ್ಲಿ ನೀರು ಹರಿಯುತ್ತಿತ್ತು, ಇಲ್ಲಿಯವರು ಒಂದು ಲೋಟ ನೀರಿಟ್ಟುಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದರು. ಕೂದಲು ಬ್ಲೇಡುಗಳ ನಡುವೆ ಸಿಕ್ಕಿಕೊಂಡಿತು. ಪಾಠ ಕಲಿತ ಕಂಪನಿ 2010ರಲ್ಲಿ 15 ರೂಪಾಯಿಗೆ ಒಂದೇ ಬ್ಲೇಡಿನ ಗಾರ್ಡ್ ರೇಜರನ್ನು ತಂದಿತು. ಅಗ್ಗಕ್ಕೆಂದು ಮಾಡಿದ ಒಂಟಿ ಬ್ಲೇಡೇ ಗುಳ್ಳೆ ಏಳುವ ಚರ್ಮಕ್ಕೆ ಐದು ಬ್ಲೇಡಿನ ದುಬಾರಿ ರೇಜರಿಗಿಂತ ಒಳ್ಳೆಯದು. ಹೆಚ್ಚು ಬ್ಲೇಡು ಎಂದರೆ ಹೆಚ್ಚು ಆಳದ ಕ್ಷೌರ, ಅದೇ ತೊಂದರೆಯ ಮೂಲ. ಜಾಹೀರಾತು ಇದನ್ನು ಹೇಳುವುದಿಲ್ಲ.

ಜಾಹೀರಾತು ಹೇಳಿದ್ದೇ ಬೇರೆ. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು, ಹುಡುಗಿಯರ ಕ್ರೀಮನ್ನು ಹುಡುಗರು ಕದ್ದು ಹಚ್ಚುತ್ತಾರೆ ಎಂಬ ಗುಟ್ಟನ್ನೇ ಬಂಡವಾಳ ಮಾಡಿಕೊಂಡು 2005ರಲ್ಲಿ ಇಮಾಮಿ ಕಂಪನಿ ಫೇರ್ ಅಂಡ್ ಹ್ಯಾಂಡ್ಸಮ್ ತಂದಿತು. ಶಾರುಖ್ ಖಾನ್ ಅದರ ಮುಖವಾದರು. 79 ರೂಪಾಯಿ ಕೊಟ್ಟು ಕ್ರೀಮು ಕೊಂಡು ಹಚ್ಚಿದರೂ ಬೆಳ್ಳಗಾಗದ ದೆಹಲಿಯ ಗ್ರಾಹಕರೊಬ್ಬರು 2013ರಲ್ಲಿ ದೂರು ಕೊಟ್ಟರು. ಫಲಿತಾಂಶ ಬರಬೇಕಾದರೆ ಪೌಷ್ಟಿಕ ಆಹಾರ, ವ್ಯಾಯಾಮ, ಒಳ್ಳೆಯ ಅಭ್ಯಾಸಗಳೂ ಬೇಕು ಎಂಬುದು ಕಂಪನಿಯ ವಾದ! ಅದನ್ನು ಡಬ್ಬಿಯ ಮೇಲೇಕೆ ಬರೆದಿಲ್ಲ ಎಂಬುದು ಗ್ರಾಹಕ ಆಯೋಗದ ಪ್ರಶ್ನೆ. 2024ರ ಡಿಸೆಂಬರ್‌ನಲ್ಲಿ ದೆಹಲಿಯ ಜಿಲ್ಲಾ ಆಯೋಗ 14.5 ಲಕ್ಷ ರೂಪಾಯಿ ದಂಡ ವಿಧಿಸಿತು. ಅಷ್ಟರಲ್ಲಿ ಫೇರ್ ಅಂಡ್ ಲವ್ಲಿ 2020ರಲ್ಲೇ ಗ್ಲೋ ಅಂಡ್ ಲವ್ಲಿ ಆಗಿತ್ತು. ಲೇಬಲ್ ಬದಲಾಯಿತು. ಸೊಸೆಯಾಗಲಿ ಅಳಿಯನಾಗಲಿ ಬೆಳ್ಳಗಿರಬೇಕೆಂಬ ಮನೆಮನೆಯ ಮಾತು ಬದಲಾಗಲಿಲ್ಲ. ಅಂಗಡಿಯ ಕ್ರೀಮು ಮಾತು ಉಳಿಸಿಕೊಳ್ಳದಿದ್ದಾಗ ಹುಡುಗ ಹುಡುಕಿಕೊಂಡು ಹೋಗುವುದು "ಸ್ಟ್ರಾಂಗ್" ಆದದ್ದನ್ನು.

ಅದು ಅವನ ಕೈಗೆ ಸಿಗಬಾರದಿತ್ತು. ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿ ಇಲ್ಲದೆ ಮಾರಕೂಡದು ಎಂದಿತು. ನಿಯಮ ಗೆಜೆಟ್ಟಿನಲ್ಲಿದೆ, ಟ್ಯೂಬು ಕೌಂಟರಿನ ಮೇಲಿದೆ. ಚೀಟಿ ಬೇಕೆನ್ನುವ ಎಚ್ಚರಿಕೆಯೂ ಡಬ್ಬಿಯ ಮೇಲಿದೆ, ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಎಷ್ಟು ಪಾಲಿರಬೇಕೆಂದು ಬೀದಿಗಿಳಿಯುವ ನಾವು, ಮುಖ ಸುಡುವ ಔಷಧದ ಮೇಲಿನ ಎಚ್ಚರಿಕೆ ಕನ್ನಡದಲ್ಲಿ ಬೇಕೆಂದು ಎಂದಾದರೂ ಕೇಳಿದ್ದೇವೆಯೆ?

ಪಕ್ಕದ ಕೇರಳದಲ್ಲಿ ಸರ್ಕಾರ ಎಚ್ಚೆತ್ತ ಉದಾಹರಣೆ ಇದೆ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು, ಒಂದು ಅಪರೂಪದ ಕಿಡ್ನಿ ಕಾಯಿಲೆ ಹೊತ್ತು ಒಬ್ಬರ ಹಿಂದೊಬ್ಬರು ಬರುತ್ತಿದ್ದುದನ್ನು ಗಮನಿಸಿದರು. ಆ ಬಗೆಯ 15 ರೋಗಿಗಳಲ್ಲಿ 13 ಮಂದಿ ಬಿಳುಪಿನ ಕ್ರೀಮು ಬಳಸುತ್ತಿದ್ದರು. ಅಪರಾಧಿ ಕ್ರೀಮಿನಲ್ಲಿದ್ದ ಪಾದರಸ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ "ಆಪರೇಷನ್ ಸೌಂದರ್ಯ" ಹೆಸರಿನಲ್ಲಿ ಅಂಗಡಿಗಳ ಮೇಲೆ ದಾಳಿ ನಡೆಸಿತು. ಕರ್ನಾಟಕದ ಇಲಾಖೆಗೂ ಇದು ಆಗದ ಕೆಲಸವೇನಲ್ಲ. ಚೀಟಿ ಇಲ್ಲದೆ ಸ್ಟೀರಾಯ್ಡ್ ಮಾರಿದ ಅಂಗಡಿಗಳ ಪರವಾನಗಿಯನ್ನು ಪ್ರತಿ ತಾಲ್ಲೂಕಿನಲ್ಲಿ ಒಂದೆರಡು ವಾರ ಅಮಾನತಿನಲ್ಲಿಟ್ಟರೂ ಸುದ್ದಿ ಊರೆಲ್ಲ ಹರಡುತ್ತದೆ.

ಕ್ಷೌರಿಕರನ್ನು ಇಲ್ಲಿ ಖಳರನ್ನಾಗಿ ಮಾಡುವುದು ಅನ್ಯಾಯ. ಮಂಗಳವಾರವೊಂದು ಬಿಟ್ಟು ವಾರವಿಡೀ ನಿಂತೇ ದುಡಿಯುವ ಅವರಿಗೆ ಚರ್ಮದ ಬಗ್ಗೆ ತಿಳಿಹೇಳಿದವರು ಹೆಚ್ಚಾಗಿ ಕ್ರೀಮು ಮಾರುವ ಏಜೆಂಟರೇ. ಏಡ್ಸ್ ಕಾಲದಲ್ಲಿ ಬ್ಲೇಡು ಬದಲಿಸಿದವರು ಅವರೇ ತಾನೆ? ಸವಿತಾ ಸಮಾಜದ ಸಂಘಗಳನ್ನು ಜೊತೆಗೆ ಕೂರಿಸಿಕೊಂಡು ಆರೋಗ್ಯ ಇಲಾಖೆ ಕನ್ನಡಿಯ ಪಕ್ಕ ಅಂಟಿಸಲು ಒಂದು ಕನ್ನಡ ಚೀಟಿ ಅಚ್ಚುಹಾಕಿಸಿದರೆ ಖರ್ಚೂ ಕಡಿಮೆ, ಓದಲು ಗಿರಾಕಿಗೆ ಬೇಕಾದಷ್ಟು ಪುರಸೊತ್ತೂ ಇರುತ್ತದೆ.

"ಗಂಡಸಿಗೆ ಯಾಕಪ್ಪ ಈ ಶೋಕಿ" ಎಂದು ನಗುವವರದ್ದೂ ಇದರಲ್ಲಿ ಪಾಲಿದೆ. ನಗೆಪಾಟಲಿಗೆ ಹೆದರಿದ ಹುಡುಗ ಮೊಡವೆಗೆಂದು ಡಾಕ್ಟರ ಬಳಿ ಹೋಗುವುದಿಲ್ಲ, ಗುಟ್ಟಾಗಿ ಮೆಡಿಕಲ್ ಶಾಪಿಗೆ ಹೋಗುತ್ತಾನೆ. ಅವನಿಗೆ ಬೇಕಾದದ್ದು ಬಹಳ ಕಡಿಮೆ. ಸ್ನಾನದ ನಂತರ, ಕೂದಲು ಮೆದುವಾಗಿರುವಾಗ, ಬೆಳೆದ ದಿಕ್ಕಿನಲ್ಲೇ ಕ್ಷೌರ. ಐದಾರು ಸಲಕ್ಕೊಮ್ಮೆ ಹೊಸ ಬ್ಲೇಡು. ಆಮೇಲೆ ಯಾವುದಾದರೂ ಸಾದಾ ಮಾಯಿಶ್ಚರೈಸರ್. ಬಿಸಿಲಲ್ಲಿ ದುಡಿಯುವವರಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಇಲ್ಲವೇ ತಲೆಗೊಂದು ಟವೆಲ್ಲು. ಮೀಸೆಗೆ ಕಪ್ಪು ಹಚ್ಚುವ ಹಿರಿಯರು ಹೊಸ ಡೈಯನ್ನು ಮೊದಲು ಕಿವಿಯ ಹಿಂದೆ ಒಂದಿಷ್ಟು ಹಚ್ಚಿ ಎರಡು ದಿನ ಕಾಯಲಿ. ಅದರಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಒಗ್ಗದೆ ಮುಖ ಊದಿಸಿಕೊಂಡವರು ಪ್ರತಿ ಚರ್ಮರೋಗ ವಿಭಾಗದಲ್ಲೂ ಸಿಗುತ್ತಾರೆ.

ಈಗಾಗಲೇ ಟ್ಯೂಬು ಹಿಡಿದವರು ಮೊದಲು ಅದರ ಹಿಂಬದಿ ಓದಬೇಕು. ಔಷಧದ ಹೆಸರು "ಸೋನ್" ಎಂದು ಮುಗಿದರೆ, ಅಥವಾ ಕ್ಲೋಬೆಟಸಾಲ್ ಎಂದಿದ್ದರೆ ಅದು ಬಹುಮಟ್ಟಿಗೆ ಸ್ಟೀರಾಯ್ಡೇ. ಹಾಗೆಂದು ಅದೇ ರಾತ್ರಿ ಎಸೆದು ಸುಮ್ಮನಾಗುವಂತಿಲ್ಲ. ತಿಂಗಳುಗಳಿಂದ ಹಚ್ಚಿದವರಿಗೆ ಬಿಟ್ಟ ಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉರಿ, ಕೆಂಪು ಕಾಡುತ್ತದೆ. ಬಹುಪಾಲು ಜನ ಹಳೆಯ ಅಂಗಡಿಗೇ ಮರಳುವುದು ಆ ದಿನಗಳಲ್ಲಿ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ. ಟ್ಯೂಬನ್ನು ಜೇಬಿನಲ್ಲಿಟ್ಟುಕೊಂಡೇ ಅಲ್ಲಿಗೆ ಹೋಗಿ, ಎಷ್ಟು ದಿನದಿಂದ ಹಚ್ಚುತ್ತಿದ್ದೇನೆ ಎಂಬುದನ್ನು ಮುಚ್ಚಿಡದೆ ಹೇಳಿದರೆ, ಹೇಗೆ ಹಂತಹಂತವಾಗಿ ಬಿಡಬೇಕೆಂದು ವೈದ್ಯರು ಬರೆದುಕೊಡುತ್ತಾರೆ.