ಮುಪ್ಪಿನ ಬುತ್ತಿ

ನಮ್ಮ ನೆಟ್ಟಣದ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣದಲ್ಲಿ ಹಿರಿಯರೂ ಕಿರಿಯರೂ ದುಡಿಯುವುದು ಒಂದೇ ಇಲಾಖೆಗೆ; ಮುಪ್ಪಿನ ಬುತ್ತಿ ಮಾತ್ರ ಬೇರೆ. 2004ನೆಯ ಜನವರಿ 1ಕ್ಕೆ ಮೊದಲು ಸೇರಿದವರಿಗೆ ನಿಶ್ಚಿತವಾದ ಪಿಂಚಣಿಯುಂಟು. ಅನಂತರದ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಲ್ಲಾದರೋ, ಮೂಲವೇತನ ಮತ್ತು ತುಟ್ಟಿಭತ್ಯೆಗಳ ನೂರಕ್ಕೆ 10ನ್ನು ನೌಕರನೂ 14ನ್ನು ಸರಕಾರವೂ ಕೂಡಿಡುವುವು. ಫಲವು ಪೇಟೆಯ ಏರಿಳಿತಕ್ಕೆ ಅಧೀನ. 2025ನೆಯ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆಯೂ ಇದೆ: 25 ವರ್ಷ ದುಡಿದವನಿಗೆ ಕೊನೆಯ 12 ತಿಂಗಳ ಮೂಲವೇತನದ ಸರಾಸರಿಯಲ್ಲಿ ಅರ್ಧ, ಅವನ ಕಾಲಾನಂತರ ಪತ್ನಿಗೆ ಅದರ ನೂರಕ್ಕೆ 60.

ಹೊಸದಾಗಿ ಸೇರುವವನು ಇವೆರಡರಲ್ಲೊಂದನ್ನು ತಾನೇ ಆಯ್ದುಕೊಳ್ಳಬೇಕು. ಪಂಚತಂತ್ರದಲ್ಲಿ ಬಲೆ ಬೀಳುವ ಮುನ್ನವೇ ಮಡುವನ್ನು ಬಿಟ್ಟ ಮೀನು ಅನಾಗತವಿಧಾತ. ಆದದ್ದಾಗಲೆಂದು ಕುಳಿತು ಸತ್ತುದು ಯದ್ಭವಿಷ್ಯ. ತರುಣ ಗೃಹಸ್ಥರು ಮನೆಯಾಕೆಯೊಡನೆ ಕುಳಿತು ಲೆಕ್ಕ ಹಾಕಿಯೇ ರುಜು ಮಾಡಲಿ. ಆ ಬುತ್ತಿಯನ್ನು ಕೊನೆಯಲ್ಲಿ ಬಿಚ್ಚುವವಳು ಆಕೆಯೇ ಆಗಬಹುದು.