ಸ್ಪೈಕ್ಸ್ ಬೂಟಿನ ಮೊಳೆ ಬದಲಿಸುವ ಬಗೆ

ಚಿತ್ತವಾಡ್ಗಿ, ಕಂಪ್ಲಿ, ಸಂಡೂರು ಕಡೆಯ ಮಕ್ಕಳು ಸಾಮಾನ್ಯವಾಗಿ ಓಟ ಕಲಿಯುವುದು ಮಣ್ಣಿನ ಮೈದಾನದಲ್ಲಿ. ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಗೆಲ್ಲುತ್ತಾ ಹೋದವರು ಒಂದು ದಿನ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕಿನ ಮೇಲೆ ನಿಲ್ಲಬಹುದು. ಆಗ ಕಾಲಿನಲ್ಲಿ ಅದೇ ಬೂಟು ಇರಲಿ, ಅಡ್ಡಿಯಿಲ್ಲ. ಆದರೆ ಮೊಳೆ ಮಾತ್ರ ಬೇರೆಯಾಗಬೇಕು.

ಅಂತರರಾಷ್ಟ್ರೀಯ ನಿಯಮದಂತೆ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡುವವರ ಮೊಳೆ 9 ಮಿಲಿಮೀಟರಿಗಿಂತ ಉದ್ದ ಇರಬಾರದು. ಎತ್ತರ ಜಿಗಿತ ಮತ್ತು ಜಾವೆಲಿನ್ ಎಸೆತಕ್ಕೆ 12 ಮಿ.ಮೀ. ತನಕ ಅವಕಾಶವಿದೆ. ಮಣ್ಣಿನ ಅಂಗಳದಲ್ಲಿ 25 ಮಿ.ಮೀ. ವರೆಗೆ ಸರಿ. ಕೆಲವು ಕ್ರೀಡಾಂಗಣಗಳು ಇನ್ನೂ ಗಿಡ್ಡ ಮೊಳೆಯನ್ನೇ ಕೇಳುತ್ತವೆ. ಹೊರಡುವ ಮೊದಲು ದೈಹಿಕ ಶಿಕ್ಷಕರನ್ನು ಕೇಳಿಕೊಳ್ಳಿ.

ಗಾಲ್ಫ್ ಆಟದಲ್ಲೂ ಹೀಗೇ ಆಯಿತು. ಹುಲ್ಲು ಹಾಳಾಗುತ್ತದೆಂದು 1990ರ ದಶಕದಲ್ಲಿ ಅನೇಕ ಕ್ಲಬ್ಬುಗಳು ಲೋಹದ ಮೊಳೆ ಬೇಡವೆಂದವು. ಆಟಗಾರರು ಹಳೆಯ ಬೂಟಿಗೇ ಪ್ಲಾಸ್ಟಿಕ್ ಮೊಳೆ ತಿರುಗಿಸಿಕೊಂಡು ಆಡಿದರು.

ಬದಲಿಸಲು ಬೇಕಾದ್ದು ಬೂಟಿನ ಜೊತೆ ಬರುವ ಚಿಕ್ಕ ಕೀ, ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಗುಂಡುಸೂಜಿ. ಮೊದಲು ಮೊಳೆಯ ಸುತ್ತಲಿನ ಒಣಮಣ್ಣನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಕೀಯನ್ನು ನೇರವಾಗಿ ಒತ್ತಿ ಹಿಡಿದು ಎಡಕ್ಕೆ ತಿರುಗಿಸಿ. ಮೊಳೆ ಬಂದ ಮೇಲೆ ರಂಧ್ರವನ್ನು ಬ್ರಷ್‌ನಿಂದ ಶುಚಿ ಮಾಡಿ. ಹೊಸ ಮೊಳೆಯ ಮೊದಲ ಎರಡು ಸುತ್ತನ್ನು ಬೆರಳಿನಿಂದಲೇ ಹಾಕಬೇಕು. ಓರೆಯಾಗಿ ಕೂತರೆ ಬೂಟಿನೊಳಗಿನ ಥ್ರೆಡ್ ಹಾಳಾಗುತ್ತದೆ. ಹಾಳಾದ ಥ್ರೆಡ್ಡಿನಲ್ಲಿ ಹೊಸ ಮೊಳೆ ನಿಲ್ಲದು. ಕೊನೆಗೆ ಕೀಯಿಂದ ಬಿಗಿ ಮಾಡಿ, ಮೈಯ ಬಲವನ್ನೆಲ್ಲ ಹಾಕಬೇಡಿ.

ತುಕ್ಕು ಹಿಡಿದು ಅಲುಗದ ಮೊಳೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿ ಹಾಗೇ ಇಡಿ. ತಲೆ ಸವೆದು ಕೀ ಜಾರುತ್ತಿದ್ದರೆ, ಅರದಿಂದ ಎರಡು ಬದಿ ಚಪ್ಪಟೆ ಮಾಡಿ ಇಕ್ಕಳದಲ್ಲಿ ಹಿಡಿದು ತಿರುಗಿಸಿ. ಬೆಂಕಿಗೆ ಮಾತ್ರ ಹಿಡಿಯಬೇಡಿ, ಅಟ್ಟೆಯ ಅಂಟು ಬಿಡುತ್ತದೆ. ಮುರಿದು ಒಳಗೇ ಉಳಿದರೆ ಲೇತ್ ಕೆಲಸದವರಿಗೆ ತೋರಿಸಿ.

ಪಾಲಕರಿಗೂ ಒಂದು ಮಾತು. ಮೊಳೆ ಸವೆಯಿತೆಂದು ಮಗ ಅಥವಾ ಮಗಳು ಹೊಸ ಬೂಟು ಕೇಳಿದರೆ, ಮೊದಲು ಹಳೆಯದನ್ನು ಬೋರಲು ಹಾಕಿ ನೋಡಿ. ಅಟ್ಟೆ ಗಟ್ಟಿ ಇದ್ದು ಥ್ರೆಡ್ ಸರಿಯಿದ್ದರೆ ಬೇಕಾದ್ದು ಒಂದು ಸೆಟ್ ಮೊಳೆ ಅಷ್ಟೇ. ತಿಂಗಳಿಗೊಮ್ಮೆ ಎಲ್ಲ ಮೊಳೆ ಬಿಚ್ಚಿ ಒರೆಸಿ ಮತ್ತೆ ಹಾಕುವ ಕೆಲಸವನ್ನು ಮಕ್ಕಳಿಂದಲೇ ಮಾಡಿಸಿ. ಸಿಮೆಂಟು, ಡಾಂಬರಿನ ಮೇಲೆ ಸ್ಪೈಕ್ಸ್ ಹಾಕಿ ನಡೆಯಲು ಬಿಡಬೇಡಿ. ಮೊಳೆ ಮೊಂಡಾಗುತ್ತದೆ, ಕಾಲೂ ಜಾರುತ್ತದೆ.

ಸ್ಪರ್ಧೆಗೆ ಹೊರಡುವ ಚೀಲದಲ್ಲಿ ಕೀ, ಗಿಡ್ಡ ಮೊಳೆಗಳ ಒಂದು ಸೆಟ್ ಮತ್ತು ಎರಡು ಹೆಚ್ಚುವರಿ ಮೊಳೆ ಇರಲಿ. ವರ್ಷವಿಡೀ ಬೆವರು ಸುರಿಸಿದ ಹುಡುಗಿ ಓಟದ ಗೆರೆಯ ಬಳಿ ನಿಂತು ಮೊಳೆಗಾಗಿ ಪರದಾಡುವಂತಾಗಬಾರದು.